ಬೇರಿಗೆ ‘ಕೆಳಗೆ’ ಎಂದು ಗೊತ್ತಾಗುವುದು ಎಲ್ಲಿ? ಕಾಳು, ಚೈನಾ ಗ್ರಾಸ್, ಅಯೋಡಿನ್ ಇಟ್ಟುಕೊಂಡು ನೋಡುವ ಕ್ರಮ

ಮೊಳಕೆ ಬಂದ ಕಾಳನ್ನು ಅಡ್ಡ ಮಲಗಿಸಿದರೆ ಬೇರು ಕೆಳಕ್ಕೆ ಬಾಗುತ್ತದೆ. ಇದು ಶಾಲೆಯಲ್ಲಿ ಓದಿದ ಗುರುತ್ವಾನುವರ್ತನೆ. ಓದಿದಾಗ ಸಾಮಾನ್ಯವಾಗಿ ತಪ್ಪಿಹೋಗುವ ಸಂಗತಿ ಒಂದಿದೆ: ಬಾಗುವ ಜಾಗ ಬೇರೆ, ಗುರುತ್ವ ಗೊತ್ತಾಗುವ ಜಾಗ ಬೇರೆ. ಇವೆರಡರ ನಡುವೆ ಕೆಲವೇ ಮಿಲಿಮೀಟರ್ ಅಂತರ. ಆ ಅಂತರವನ್ನು ಮನೆಯಲ್ಲೋ ಕಾಲೇಜಿನ ಪ್ರಯೋಗಾಲಯದಲ್ಲೋ ಕಣ್ಣಾರೆ ನೋಡುವುದು ಹೇಗೆ ಎಂಬುದು ಇಲ್ಲಿದೆ. ಪೂರ್ತಿ ಮಾಡಲು ಒಂದು ವಾರ ಬೇಕು. ಹೆಚ್ಚಿನ ಹೊತ್ತು ಕಾಯುವುದರಲ್ಲೇ ಹೋಗುತ್ತದೆ.

ಕೋಶದ ಒಳಗೆ ನಡೆಯುವುದು

ಬೇರಿನ ತುದಿಗೆ ಒಂದು ಟೊಪ್ಪಿಗೆ ಇರುತ್ತದೆ. ಬೇರು ಮಣ್ಣಿನಲ್ಲಿ ನುಗ್ಗುವಾಗ ಹಿಂದಿನ ಎಳೆ ಕೋಶಗಳನ್ನು ಕಾಯುವುದು ಅದರ ಒಂದು ಕೆಲಸ. ಟೊಪ್ಪಿಗೆಯ ನಟ್ಟನಡುವೆ ಅಂತಸ್ತುಗಳಾಗಿ ನಿಂತ ಕೋಶಗಳಿಗೆ ಕಾಲುಮೆಲ್ಲಾ ಎಂದು ಹೆಸರು. ಇವುಗಳ ಒಳಗೆ ಅಮೈಲೋಪ್ಲಾಸ್ಟ್ ಎಂಬ, ಪಿಷ್ಟ ತುಂಬಿದ ಕಣಗಳಿವೆ. ಪಿಷ್ಟದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.5 ಗ್ರಾಂ, ಸುತ್ತಲಿನ ಕೋಶರಸದ್ದು ನೀರಿಗಿಂತ ತುಸುವೇ ಹೆಚ್ಚು. ಹಾಗಾಗಿ ಈ ಕಣಗಳು ಮುಳುಗಿ ಕೋಶದ ತಳದಲ್ಲಿ ಕೂರುತ್ತವೆ. ಬೇರನ್ನು ಅಡ್ಡ ತಿರುಗಿಸಿದಾಗ ಅದುವರೆಗೆ ಪಕ್ಕದ ಗೋಡೆಯಾಗಿದ್ದದ್ದು ತಳವಾಗುತ್ತದೆ, ಕಣಗಳು ಕೆಲವೇ ನಿಮಿಷಗಳಲ್ಲಿ ಅಲ್ಲಿಗೆ ಜಾರುತ್ತವೆ. 1900ರಲ್ಲಿ ಸಸ್ಯವಿಜ್ಞಾನಿಗಳಾದ ಹಾಬರ್‌ಲಾಂಟ್ ಮತ್ತು ನೆಮೆತ್ಸ್ ಇಬ್ಬರೂ ಬೇರೆಬೇರೆಯಾಗಿ ಮುಂದಿಟ್ಟ ವಿವರಣೆ ಇದು.

ಕಣ ಕೂತ ಮೇಲೆ ಸುದ್ದಿ ಹೇಗೆ ಹೊರಡುತ್ತದೆ ಎಂಬ ಪ್ರಶ್ನೆ ಮಾತ್ರ ಒಂದು ಶತಮಾನ ಕಾದಿತ್ತು. ಸಾಸಿವೆಯ ಬಳಗದ ಪುಟ್ಟ ಗಿಡ ಅರಾಬಿಡಾಪ್ಸಿಸ್‌ನಲ್ಲಿ ಲೇಜಿ ಎಂಬ ಪ್ರೋಟೀನುಗಳು ಅಮೈಲೋಪ್ಲಾಸ್ಟ್‌ನ ಮೈಗೆ ಅಂಟಿಕೊಂಡಿರುತ್ತವೆ. ಕಣ ಯಾವ ಕಡೆ ಕೂರುತ್ತದೋ ಆ ಕಡೆಯ ಕೋಶಪೊರೆಗೆ ಅವು ದಾಟಿಕೊಳ್ಳುತ್ತವೆ. 2023ರಲ್ಲಿ ಚೀನಾದ ಒಂದು ತಂಡ ಮತ್ತು ಜಪಾನಿನ ಒಂದು ತಂಡ ಇದನ್ನು ಪ್ರತ್ಯೇಕವಾಗಿ ತೋರಿಸಿದವು. ಆಮೇಲೆ, ಬೆಳವಣಿಗೆಯನ್ನು ನಿಯಂತ್ರಿಸುವ ಸಸ್ಯ ಹಾರ್ಮೋನು ಆಕ್ಸಿನ್ ಅನ್ನು ಕೋಶದಿಂದ ಹೊರಸಾಗಿಸುವ ಪಿನ್ ಪ್ರೋಟೀನುಗಳು ಕೆಳಬದಿಯಲ್ಲಿ ಹೆಚ್ಚಾಗುತ್ತವೆ. ಆಕ್ಸಿನ್ ಟೊಪ್ಪಿಗೆಯಿಂದ ಬೇರಿನ ಹೊರಪದರದ ಮೂಲಕ ಹಿಂದಕ್ಕೆ, ಅಂದರೆ ಕೋಶಗಳು ಉದ್ದವಾಗುತ್ತಿರುವ ಭಾಗಕ್ಕೆ ಹರಿಯುವಾಗ ಕೆಳಬದಿಗೆ ಹೆಚ್ಚು ಪಾಲು ಸಿಗುತ್ತದೆ. ಬೇರಿನಲ್ಲಿ ಆಕ್ಸಿನ್ ಹೆಚ್ಚಾದರೆ ಬೆಳವಣಿಗೆ ತಗ್ಗುತ್ತದೆ (ಕಾಂಡದಲ್ಲಿ ಇದರ ತದ್ವಿರುದ್ಧ). ಕೆಳಬದಿ ಹಿಂದೆ ಬಿತ್ತು, ಮೇಲ್ಬದಿ ಮುಂದೆ ಹೋಯಿತು, ಬೇರು ಕೆಳಕ್ಕೆ ಬಾಗಿತು.

ಸಾಮಾನು

ಎರಡು ಬಗೆಯ ಕಾಳು ಬೇಕು. ಕತ್ತರಿಸುವ, ಗುರುತು ಹಾಕುವ ಕೆಲಸಕ್ಕೆ ಮೆಕ್ಕೆಜೋಳ, ಏಕೆಂದರೆ ಅದರ ಬೇರು ದಪ್ಪ. ಅಂಗಡಿಯಲ್ಲಿ ಸಿಗುವ ಪಾಪ್‌ಕಾರ್ನ್ ಕಾಳು ಚೆನ್ನಾಗಿ ಮೊಳೆಯುತ್ತದೆ. ಸೂಕ್ಷ್ಮದರ್ಶಕಕ್ಕೆ ಸಾಸಿವೆ, ಏಕೆಂದರೆ ಅದರ ಬೇರು ಸಪೂರ, ಬೆಳಕು ಹಾಯುತ್ತದೆ. ಬೀಜದಂಗಡಿಯ ಗುಲಾಬಿ ಅಥವಾ ಹಸಿರು ಬಣ್ಣ ಬಳಿದ ಬಿತ್ತನೆ ಬೀಜ ಬೇಡ. ಅದಕ್ಕೆ ಶಿಲೀಂಧ್ರನಾಶಕ ಹಚ್ಚಿರುತ್ತಾರೆ.

ಉಳಿದದ್ದು: ಚೈನಾ ಗ್ರಾಸ್ ಪುಡಿ (ಅಂದರೆ ಅಗರ್; ಸಕ್ಕರೆ, ಬಣ್ಣ, ವಾಸನೆ ಸೇರಿಸಿರಬಾರದು; ಪ್ರಯೋಗಾಲಯದ ಅಗರ್ ಇದ್ದರೆ ಇನ್ನೂ ಒಳ್ಳೆಯದು), ಮುಚ್ಚಳವಿರುವ ನಾಲ್ಕು ಪೆಟ್ರಿ ತಟ್ಟೆ, ಮುಚ್ಚಳವಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಕೂರುವಷ್ಟು ಥರ್ಮೋಕೋಲ್, ಗುಂಡುಸೂಜಿ, ಟಿಶ್ಯೂ ಕಾಗದ, ನೀರಿಗೆ ಅಳಿಯದ ಕಪ್ಪು ಶಾಯಿ, ಹೊಸ ಬ್ಲೇಡು, ಮೊನಚು ಚಿಮುಟ, ಭೂತಗನ್ನಡಿ, ಫೋನು ನಿಲ್ಲಿಸಲು ಸ್ಟ್ಯಾಂಡು. ಅಯೋಡಿನ್ ಮತ್ತು ಸೂಕ್ಷ್ಮದರ್ಶಕದ ಮಾತು ಮುಂದೆ ಬರುತ್ತದೆ.

ಮೊಳಕೆ

ಮೆಕ್ಕೆಜೋಳವನ್ನು 12 ಗಂಟೆ ನೆನೆಸಿ. ಒದ್ದೆ ಟಿಶ್ಯೂವಿನಲ್ಲಿ ಕಾಳುಗಳನ್ನು ಮೊನೆ ಕೆಳಗಾಗಿ ಇಟ್ಟು ಸುರುಳಿ ಸುತ್ತಿ, ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ, ತಳದಲ್ಲಿ ಒಂದು ಬೆರಳು ನೀರು ಬಿಡಿ. 25ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ದಿನದೊಳಗೆ 15ರಿಂದ 25 ಮಿ.ಮೀ. ಉದ್ದದ ನೇರ ಬೇರು ಸಿಗುತ್ತದೆ. ಡೊಂಕು ಬೇರುಗಳನ್ನು ಮುಲಾಜಿಲ್ಲದೆ ಬಿಸಾಡಿ. ಮೊದಲೇ ಬಾಗಿದ ಬೇರಿನಿಂದ ತೆಗೆದ ಕೋನ ಯಾವುದಕ್ಕೂ ಬರುವುದಿಲ್ಲ. ಒಂದೊಂದು ಪರೀಕ್ಷೆಗೆ ಹತ್ತು ನೇರ ಬೇರಾದರೂ ಬೇಕು, ಹಾಗಾಗಿ ಬೇಕಾದ್ದರ ಎರಡರಷ್ಟು ನೆನೆಸಿ.

ಸಾಸಿವೆಗೆ 100 ಮಿ.ಲೀ. ನೀರಿಗೆ 1 ಗ್ರಾಂ ಚೈನಾ ಗ್ರಾಸ್ ಹಾಕಿ, ಗಂಟು ಉಳಿಯದಂತೆ ಕಲಕುತ್ತಾ ದ್ರವ ತಿಳಿಯಾಗುವವರೆಗೆ ಕುದಿಸಿ. ಕೈಗೆ ತಡೆಯುವಷ್ಟು ಆರಿದ ಮೇಲೆ 90 ಮಿ.ಮೀ. ಅಗಲದ ತಟ್ಟೆಗೆ 25 ಮಿ.ಲೀ.ಯಂತೆ ಸುರಿಯಿರಿ. ಕುದಿಯುತ್ತಿರುವಾಗಲೇ ಸುರಿದರೆ ಮುಚ್ಚಳದ ಒಳಗೆ ನೀರು ಕಟ್ಟಿ, ತಟ್ಟೆ ನಿಲ್ಲಿಸಿದ ಕೂಡಲೇ ಬೇರಿನ ಮೇಲೆ ಇಳಿಯುತ್ತದೆ. ಗಟ್ಟಿಯಾದ ಮೇಲೆ, ಎರಡು ಮೂರು ಗಂಟೆ ನೆನೆದ ಸಾಸಿವೆಯನ್ನು ಒಂದೇ ಸಾಲಿನಲ್ಲಿ, ಒಂದು ಸೆಂಟಿಮೀಟರ್ ಅಂತರದಲ್ಲಿ ಇಡಿ. ಬೂಷ್ಟು ಬರುವ ಕಾಟವಿದ್ದರೆ ನೆನೆಸುವ ಮುಂಚೆ ಮನೆಯ ಬ್ಲೀಚ್ ದ್ರಾವಣದ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ ಐದು ನಿಮಿಷ ತೊಳೆದು, ಐದು ಸಲ ಬರೀ ನೀರಿನಲ್ಲಿ ಜಾಲಾಡಿ. ತಟ್ಟೆಯ ಅಂಚಿಗೆ ಟೇಪು ಸುತ್ತಿ, ಕತ್ತಲಲ್ಲಿ ಲಂಬವಾಗಿ ನಿಲ್ಲಿಸಿ.

ಈ ‘ಲಂಬವಾಗಿ’ ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತಟ್ಟೆ ಹಿಂದಕ್ಕೆ ವಾಲಿದ್ದರೆ ಬೇರು ಅಗರ್ ಮೇಲ್ಮೈಗೆ ಒತ್ತಿಕೊಂಡು, ಹಾವಿನಂತೆ ಆಚೆ ಈಚೆ ಅಲೆಯುತ್ತಾ ಬೆಳೆಯುತ್ತದೆ. ಅದರಲ್ಲಿ ಸ್ಪರ್ಶದ ಪಾಲೂ ಇರುವುದರಿಂದ ಗುರುತ್ವದ ಲೆಕ್ಕ ಕೆಡುತ್ತದೆ. ಬೇರು ಅಗರ್‌ನೊಳಗೇ ತೂರಿಕೊಳ್ಳುತ್ತಿದ್ದರೆ ಮುಂದಿನ ಸಲ ಚೈನಾ ಗ್ರಾಸ್ ಒಂದೂವರೆ ಗ್ರಾಂ ಹಾಕಿ.

ಗುರುತು ಹಾಕಿ ತಿರುಗಿಸುವುದು

ಮೆಕ್ಕೆಜೋಳದ ಬೇರಿನ ಮೇಲಿನ ನೀರನ್ನು ಟಿಶ್ಯೂವಿನಿಂದ ಮೆಲ್ಲಗೆ ಹೀರಿಸಿ. ಒಂದು ತಲೆಗೂದಲನ್ನು ಶಾಯಿಯಲ್ಲಿ ಅದ್ದಿ, ಗ್ರಾಫ್ ಕಾಗದದ ಮೇಲೆ ಬೇರನ್ನಿಟ್ಟು ತುದಿಯಿಂದ 10 ಮಿ.ಮೀ. ತನಕ ಮಿಲಿಮೀಟರಿಗೊಂದು ಗೆರೆ ಮುಟ್ಟಿಸಿ. ಪೆನ್ನಿನ ಮೊನೆ ಬೇಡ, ಗೀರಿದರೆ ಬೇರು ಗಾಯದ ಕಡೆಗೋ ಅದರ ಎದುರಿಗೋ ತಿರುಗುತ್ತದೆ. ಕೆಲಸ ಎರಡು ನಿಮಿಷದೊಳಗೆ ಮುಗಿಯಬೇಕು. ಬೇರು ಒಣಗಿದರೆ ಬೆಳವಣಿಗೆ ಗಂಟೆಗಟ್ಟಲೆ ಕುಂಟುತ್ತದೆ.

ಡಬ್ಬಿಯ ಒಳಬದಿಗಳಿಗೆಲ್ಲ ಒದ್ದೆ ಟಿಶ್ಯೂ ಹೊದಿಸಿ. ಫೋಟೋ ತೆಗೆಯುವ ಬದಿಯೊಂದನ್ನು ಬಿಡಿ. ಕಾಳನ್ನು, ಬೇರನ್ನಲ್ಲ, ಗುಂಡುಸೂಜಿಯಿಂದ ಥರ್ಮೋಕೋಲಿಗೆ ಚುಚ್ಚಿ. ಅರ್ಧ ಕಾಳುಗಳ ಬೇರು ನೇರ ಕೆಳಕ್ಕೆ, ಅರ್ಧದ್ದು ಅಡ್ಡ. ಮುಚ್ಚಿ ಕತ್ತಲಲ್ಲಿಟ್ಟು ಮೊದಲ ಎರಡು ಗಂಟೆ ಕಾಲು ಗಂಟೆಗೊಮ್ಮೆ, ಆಮೇಲೆ ಎಂಟು ಗಂಟೆಯವರೆಗೆ ಅರ್ಧ ಗಂಟೆಗೊಮ್ಮೆ ಫೋಟೋ ತೆಗೆಯಿರಿ. ಫೋನೂ ಡಬ್ಬಿಯೂ ಕದಲಬಾರದು. ಬೆಳಕು ಬೇಕಾದಾಗ ಹಸಿರು ಗಾಜಿನ ಕಾಗದ ಸುತ್ತಿದ ಮಂದ ಟಾರ್ಚು ಸಾಕು. ಕೋನವನ್ನು ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಅಥವಾ ಮುದ್ರಿಸಿದ ಚಿತ್ರದ ಮೇಲೆ ಕೋನಮಾಪಕ ಇಟ್ಟು ಅಳೆಯಬಹುದು.

ಬೆಚ್ಚಗಿನ ದಿನದಲ್ಲಿ ಮೆಕ್ಕೆಜೋಳದ ಬೇರು ಗಂಟೆಗೆ ಸುಮಾರು 1 ಮಿ.ಮೀ. ಬೆಳೆಯುತ್ತದೆ, ಬಾಗು ಅರ್ಧ ಗಂಟೆಯ ಆಸುಪಾಸಿನಲ್ಲಿ ಕಣ್ಣಿಗೆ ಬೀಳುತ್ತದೆ. ಕೋನಕ್ಕಿಂತ ಶಾಯಿಯ ಗೆರೆಗಳನ್ನೇ ಹೆಚ್ಚು ಗಮನಿಸಿ. ತುದಿಯ ಮೊದಲ ಒಂದೆರಡು ಗೆರೆಗಳ ಅಂತರ ಹಾಗೇ ಇರುತ್ತದೆ. ಅದರ ಹಿಂದಿನವು ಬಿಡಿಸಿಕೊಳ್ಳುತ್ತವೆ, ಅದೂ ಮೇಲ್ಬದಿಯಲ್ಲಿ ಹೆಚ್ಚು, ಕೆಳಬದಿಯಲ್ಲಿ ಕಡಿಮೆ. ಬಾಗುವ ಜಾಗ ಅದೇ. ಟೊಪ್ಪಿಗೆಯಿರುವ ಕೊನೆಯ ಅರ್ಧ ಮಿಲಿಮೀಟರ್ ಬಾಗುವುದರಲ್ಲಿ ಪಾಲುಗೊಳ್ಳುವುದೇ ಇಲ್ಲ.

ಬಾಗುವಿಕೆ ಕೊನೆಕೊನೆಗೆ ನಿಧಾನವಾಗುವುದಕ್ಕೂ ಕಾರಣವಿದೆ. ಅರಾಬಿಡಾಪ್ಸಿಸ್‌ನಲ್ಲಿ ಅಳೆದಾಗ, ಬೇರಿನ ತುದಿ ಅಡ್ಡಗೆರೆಯಿಂದ ಸುಮಾರು 40 ಡಿಗ್ರಿ ಇಳಿಯುವಷ್ಟರಲ್ಲಿ ಎರಡು ಬದಿಯ ಆಕ್ಸಿನ್ ವ್ಯತ್ಯಾಸ ಅಳಿಸಿಹೋಗಿರುತ್ತದೆ. ಅದು ಹುಟ್ಟುವುದು ಮಾತ್ರ ತಿರುಗಿಸಿದ ಐದೇ ನಿಮಿಷದಲ್ಲಿ.

ಬಾಗದಿದ್ದರೆ

ಮೊದಲು ನೇರ ನಿಲ್ಲಿಸಿದ ಬೇರುಗಳನ್ನು ಅಳೆಯಿರಿ. ಅವು ಬೆಳೆದಿಲ್ಲವಾದರೆ ಅಡ್ಡ ಇಟ್ಟವು ಬಾಗುವ ಮಾತೇ ಇಲ್ಲ, ಬಾಗಲು ಬೆಳೆಯಬೇಕು. ಚಳಿಗಾಲದ ರಾತ್ರಿ ಇದೇ ಸಾಮಾನ್ಯ ಕಾರಣ.

ಬೆಳೆದಿವೆ, ಆದರೆ ಅಡ್ಡವೇ ಹೋಗುತ್ತಿವೆ ಎಂದಾದರೆ ಮೂರು ಅನುಮಾನ. ಒಂದು, ತೇವ. ಡಬ್ಬಿಯ ಒಂದು ಬದಿ ಮಾತ್ರ ಒದ್ದೆಯಿದ್ದರೆ ಬೇರು ಆ ಕಡೆ ಎಳೆದುಕೊಳ್ಳುತ್ತದೆ. ಅರಾಬಿಡಾಪ್ಸಿಸ್‌ನಲ್ಲಂತೂ ನೀರಿನ ಕೊರತೆಯಾದಾಗ ಟೊಪ್ಪಿಗೆಯ ಪಿಷ್ಟವೇ ಕರಗಿ, ಗುರುತ್ವದ ಹಿಡಿತ ಸಡಿಲವಾಗಿ ತೇವದ್ದು ಬಿಗಿಯಾಗುತ್ತದೆ. ಎರಡು, ಬೆಳಕು. ಸಾಸಿವೆಯ ಬೇರು ಬೆಳಕಿನಿಂದ ದೂರ ಸರಿಯುತ್ತದೆ. ಕಿಟಕಿಯ ಬಳಿ ಇಟ್ಟ ತಟ್ಟೆಯಲ್ಲಿ ನೀವು ಅಳೆಯುವುದು ಎರಡು ಸೆಳೆತಗಳ ಮೊತ್ತವನ್ನು. ಮೂರನೆಯದು ಮೆಕ್ಕೆಜೋಳಕ್ಕೇ ವಿಶೇಷ: ಮೆರಿಟ್‌ನಂಥ ಕೆಲವು ತಳಿಗಳ ಬೇರು ಪೂರ್ತಿ ಕತ್ತಲಲ್ಲಿ ಬಾಗುವುದೇ ಇಲ್ಲ, ಸ್ವಲ್ಪ ಬೆಳಕು ಕಂಡ ಮೇಲೆ ಬಾಗುತ್ತದೆ. ಹತ್ತಕ್ಕೆ ಹತ್ತೂ ಅಡ್ಡ ಹೋದರೆ ಎಲ್ಲ ಕಡೆಯಿಂದ ಸಮನಾಗಿ ಅರ್ಧ ಗಂಟೆ ಬೆಳಕು ಕೊಟ್ಟು ಮತ್ತೆ ನೋಡಿ.

ಇನ್ನೊಂದು: ಹಣ್ಣಿಗೆ ಹಾಕಿದ ಮಾವು, ಬಾಳೆ ಇರುವ ಕೋಣೆಯಲ್ಲಿ ಈ ಡಬ್ಬಿ ಇಡಬೇಡಿ. ಹಣ್ಣಾಗುವಾಗ ಬರುವ ಎಥಿಲೀನ್ ಬೇರಿನ ಬೆಳವಣಿಗೆಯನ್ನೂ ಬಾಗುವಿಕೆಯನ್ನೂ ತಡೆಯುತ್ತದೆ.

ಟೊಪ್ಪಿಗೆ ತೆಗೆಯುವುದು

ಇಡೀ ಕೆಲಸದಲ್ಲಿ ಕೈಚಳಕ ಬೇಡುವ ಭಾಗ ಇದು, ಹೆಚ್ಚು ಹೇಳುವ ಭಾಗವೂ ಇದೇ. 1880ರಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ ಬೇರಿನ ತುದಿ ಕತ್ತರಿಸಿ, ಗುರುತ್ವ ಗ್ರಹಿಸುವುದು ಅಲ್ಲೇ ಎಂದರು. ಗಾಯ ಮಾಡಿದ್ದಕ್ಕೇ ಬಾಗಲಿಲ್ಲ ಎಂಬ ಆಕ್ಷೇಪ ಕೂಡಲೇ ಎದ್ದಿತು. ಮೆಕ್ಕೆಜೋಳದಲ್ಲಿ ಟೊಪ್ಪಿಗೆಗೂ ಹಿಂದಿನ ಅಂಗಾಂಶಕ್ಕೂ ನಡುವೆ ಸ್ಪಷ್ಟ ಗಡಿ ಇರುವುದರಿಂದ ಟೊಪ್ಪಿಗೆಯಷ್ಟನ್ನೇ ಕಳಚಬಹುದು. 1966ರಲ್ಲಿ ಸಸ್ಯವಿಜ್ಞಾನಿ ಜೂನಿಪರ್ ಮತ್ತು ಸಂಗಡಿಗರು ಹಾಗೆ ಕಳಚಿ ತೋರಿಸಿದರು: ಬೇರು ಬೆಳೆಯುತ್ತಲೇ ಇತ್ತು, ಬಾಗಲಿಲ್ಲ.

ಬೇರನ್ನು ಒದ್ದೆ ಟಿಶ್ಯೂವಿನ ಮೇಲೆ ಮಲಗಿಸಿ ಭೂತಗನ್ನಡಿಯಲ್ಲಿ ನೋಡಿ. ತುದಿಯ ಸುಮಾರು ಅರ್ಧ ಮಿಲಿಮೀಟರ್ ಭಾಗ ಬಣ್ಣದಲ್ಲಿ ತುಸು ಬೇರೆಯಾಗಿ ಕಾಣುತ್ತದೆ. ಆ ಗಡಿಯಲ್ಲಿ ಬ್ಲೇಡಿನ ಮೂಲೆಯಿಂದ ಅತಿ ಮೇಲುಮೇಲೆ ಸುತ್ತ ಗೀರಿ, ಬ್ಲೇಡಿನ ಬೆನ್ನಿನಿಂದ ತುದಿಯ ಕಡೆಗೆ ಮೆಲ್ಲಗೆ ನೂಕಿದರೆ ಟೊಪ್ಪಿಗೆ ಇಡಿಯಾಗಿ ಕಳಚಿಕೊಳ್ಳುತ್ತದೆ. ಕೆಳಗೆ ನುಣುಪಾದ ಗುಮ್ಮಟ ಕಂಡರೆ ಸರಿಯಾಗಿದೆ. ಚಪ್ಪಟೆ, ಒರಟು ಮುಖ ಕಂಡರೆ ನೀವು ಬೆಳೆಯುವ ತುದಿಯನ್ನೇ ಕತ್ತರಿಸಿದ್ದೀರಿ, ಅದು ಲೆಕ್ಕಕ್ಕಿಲ್ಲ. ಮೊದಲ ಕೆಲವು ಬೇರು ಕಲಿಯಲು ಹೋಗುತ್ತವೆ.

ಮೂರು ಗುಂಪು ಮಾಡಿ. ಏನೂ ಮಾಡದವು; ಟೊಪ್ಪಿಗೆ ತೆಗೆದವು; ಗಡಿಯಲ್ಲಿ ಗೀರಿ ಟೊಪ್ಪಿಗೆ ಬಿಟ್ಟವು. ಮೂರನೆಯದಿಲ್ಲದಿದ್ದರೆ ಡಾರ್ವಿನ್‌ಗೆ ಬಂದ ಆಕ್ಷೇಪವೇ ನಿಮಗೂ ಬರುತ್ತದೆ. ಎಲ್ಲವನ್ನೂ ಅಡ್ಡ ಇಟ್ಟು ಎಂಟು ಗಂಟೆ ನೋಡಿ. ಟೊಪ್ಪಿಗೆ ಇಲ್ಲದವು ಅಡ್ಡಡ್ಡವಾಗಿಯೇ ಉದ್ದವಾಗಬೇಕು. ಅವನ್ನು ಎಸೆಯದೆ ಇನ್ನೊಂದು ದಿನ ಬಿಡಿ. ತುದಿಯ ಕೋಶಗಳಲ್ಲಿ ಹೊಸ ಅಮೈಲೋಪ್ಲಾಸ್ಟ್ ಬೆಳೆದು, ಸುಮಾರು ಒಂದು ದಿನದಲ್ಲಿ ಬಾಗುವ ಶಕ್ತಿ ಮರಳುತ್ತದೆ, ಟೊಪ್ಪಿಗೆ ಪೂರ್ತಿ ಬೆಳೆಯುವುದಕ್ಕೂ ಮುಂಚೆ.

ಕೈ ಪಳಗಿದ ಮೇಲೆ ಅರ್ಧ ಟೊಪ್ಪಿಗೆ ತೆಗೆದು ನೋಡಿ. ಬೇರನ್ನು ಲಂಬವಾಗಿಟ್ಟರೂ ಅರ್ಧ ಉಳಿದಿರುವ ಬದಿಗೆ ಬಾಗುತ್ತದೆ. ಬೆಳವಣಿಗೆ ತಗ್ಗಿಸುವುದೇನೋ ಟೊಪ್ಪಿಗೆಯಿಂದ ಹಿಂದಕ್ಕೆ ಹರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಇಲ್ಲ.

ಪಿಷ್ಟದ ಕಣ ಕಾಣುವುದು

ಮೂರು ದಿನದ ಸಾಸಿವೆ ಮೊಳಕೆ ತೆಗೆದುಕೊಳ್ಳಿ. ಅಯೋಡಿನ್ ದ್ರಾವಣ ಮಾಡಿಕೊಳ್ಳುವುದಾದರೆ ಮೊದಲು 2 ಗ್ರಾಂ ಪೊಟ್ಯಾಸಿಯಂ ಅಯೋಡೈಡನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಅದರಲ್ಲಿ 1 ಗ್ರಾಂ ಅಯೋಡಿನ್ ಕರಗಿಸಿ, ಆಮೇಲೆ 100 ಮಿ.ಲೀ.ಗೆ ತನ್ನಿ, ಕ್ರಮ ತಪ್ಪಿದರೆ ಅಯೋಡಿನ್ ತಳದಲ್ಲೇ ಉಳಿಯುತ್ತದೆ. ಇಲ್ಲವೇ ಔಷಧಿ ಅಂಗಡಿಯ ಪೊವಿಡೋನ್ ಅಯೋಡಿನ್ ಒಂದು ಪಾಲಿಗೆ ಐದರಿಂದ ಹತ್ತು ಪಾಲು ನೀರು.

ಪಿಷ್ಟ ಇದೆಯೋ ಇಲ್ಲವೋ ಎಂದಷ್ಟೇ ನೋಡಲು ತುದಿಯ 3 ಮಿ.ಮೀ. ಕತ್ತರಿಸಿ, ಎರಡು ಮೂರು ನಿಮಿಷ ಅಯೋಡಿನ್‌ನಲ್ಲಿಟ್ಟು, ನೀರಿನಲ್ಲಿ ತೊಳೆದು, ಅರ್ಧಕ್ಕರ್ಧ ನೀರು ಬೆರೆಸಿದ ಗ್ಲಿಸರಿನ್‌ನಲ್ಲಿ ಇಟ್ಟು ಕವರ್ ಸ್ಲಿಪ್ ಮುಚ್ಚಿ. 10ರ ಮಸೂರದಲ್ಲಿ ತುದಿಯಲ್ಲಿ ಕಡುನೀಲಿ ಅಥವಾ ಕಪ್ಪು ಗುಪ್ಪೆ, ಅದರ ಹಿಂದೆ ಪಿಷ್ಟವಿಲ್ಲದ ಬಿಳಿಚು ಭಾಗ ಕಾಣುತ್ತದೆ. ಎಲ್ಲವೂ ಕಂದಾಗಿದ್ದರೆ ಅಯೋಡಿನ್ ಜಾಸ್ತಿಯಾಗಿದೆ, ಇನ್ನೊಮ್ಮೆ ತೊಳೆಯಿರಿ. ಬಣ್ಣ ಬೇಗ ಮಾಸುತ್ತದೆ, ಚಿತ್ರ ಕೂಡಲೇ ತೆಗೆಯಿರಿ.

ಕಣ ಎಲ್ಲಿ ಕೂತಿದೆ ಎಂದು ನೋಡುವುದು ಬೇರೆಯೇ ಕೆಲಸ, ಹೆಚ್ಚಿನವರು ಎಡವುವುದು ಇಲ್ಲಿ. ಸೂಕ್ಷ್ಮದರ್ಶಕದ ವೇದಿಕೆ ಅಡ್ಡ ಇರುತ್ತದೆ. ಜೀವಂತ ಬೇರನ್ನು ಗಾಜಿನ ಮೇಲೆ ಮಲಗಿಸಿದ ಕೆಲವೇ ನಿಮಿಷದಲ್ಲಿ ಕಣಗಳು ಗಾಜಿನ ಕಡೆಗೆ, ಅಂದರೆ ನಿಮ್ಮ ಕಣ್ಣಿನ ನೇರಕ್ಕೆ ಮುಳುಗುತ್ತವೆ. ನೀವು ಕಾಣುವುದು ನೀವೇ ಈಗ ಮಾಡಿದ ಸ್ಥಿತಿಯನ್ನು. ಹಾಗಾಗಿ ಬೇರು ಇದ್ದ ಭಂಗಿಯಲ್ಲೇ ಅದನ್ನು ಸಾಯಿಸಬೇಕು. ಒಂದು ತಟ್ಟೆ ಹಾಗೇ ನಿಂತಿರಲಿ, ಇನ್ನೊಂದನ್ನು 90 ಡಿಗ್ರಿ ತಿರುಗಿಸಿ 20 ನಿಮಿಷ ಬಿಡಿ. ತಟ್ಟೆಗಳನ್ನು ಅಲುಗಿಸದೆ ಮುಚ್ಚಳ ತೆಗೆದು, ಬೇರಿನ ತುದಿಗಳ ಮೇಲೆ ಡ್ರಾಪರ್‌ನಿಂದ ಸರ್ಜಿಕಲ್ ಸ್ಪಿರಿಟ್ ಎರಡು ನಿಮಿಷ ಬಿಡದೆ ತೊಟ್ಟಿಕ್ಕಿಸಿ (ಹತ್ತಿರ ಒಲೆ ಉರಿಯುತ್ತಿರಬಾರದು). ಆಮೇಲೆ ತುದಿ ಕತ್ತರಿಸಿ ಸ್ಪಿರಿಟ್‌ನಲ್ಲೇ ಅರ್ಧ ಗಂಟೆ ಮುಳುಗಿಸಿಡಿ. ಕಾಲೇಜಿನಲ್ಲಿ ಫಾರ್ಮಲಿನ್ 5, ಅಸಿಟಿಕ್ ಆಮ್ಲ 5, ಅರ್ಧ ನೀರಿನ ಆಲ್ಕೊಹಾಲ್ 90 ಪಾಲಿನ ಮಿಶ್ರಣ ಇದ್ದರೆ ಕೋಶ ಕುಗ್ಗುವುದು ಕಡಿಮೆ.

ಕತ್ತರಿಸುವಾಗ ಹಿಂದಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಉದ್ದದ ಅಂಚು ಕೆಳಬದಿಗೆ ಬರಲಿ. ಇಲ್ಲದಿದ್ದರೆ ಗಾಜಿನ ಮೇಲೆ ಹೋದ ಮೇಲೆ ಮೇಲು ಕೆಳಗು ತಿಳಿಯುವುದಿಲ್ಲ. ಓರೆ ಕಾಣುವ ಹಾಗೆ ಪಕ್ಕಕ್ಕೆ ಮಲಗಿಸಿ, ಎರಡು ಕಡೆ ಕೂದಲಿನ ತುಂಡಿಟ್ಟು ಕವರ್ ಸ್ಲಿಪ್ ಮುಚ್ಚಿ, ಒತ್ತಬೇಡಿ. ಒತ್ತಿದರೆ ಕಣಗಳ ಸ್ಥಾನ ಕಲಸಿಹೋಗುತ್ತದೆ. 40ರ ಮಸೂರದಲ್ಲಿ ಅಂಚುಗಳನ್ನು ಬಿಟ್ಟು ನಡುವಿನ ಕೋಶಗಳ ಮೇಲೆ ಫೋಕಸ್ ಮಾಡಿ. ನಿಂತಿದ್ದ ಬೇರಿನಲ್ಲಿ ಕಪ್ಪು ಚುಕ್ಕೆಗಳು ಬೇರಿನ ತುದಿಯ ಕಡೆಯ ಗೋಡೆಗೆ, ತಿರುಗಿಸಿದ್ದರಲ್ಲಿ ಉದ್ದ ಅಂಚಿನ ಬದಿಯ ಗೋಡೆಗೆ ಗುಂಪಾಗಿರಬೇಕು.

ಕಾಲೇಜಿನ ಬೀರುವಿನಲ್ಲಿ ಕತ್ತು ಹಿಂದಕ್ಕೆ ಬಾಗಿಸಬಲ್ಲ ಹಳೆಯ ಸೂಕ್ಷ್ಮದರ್ಶಕ ಇದ್ದರೆ ಅದನ್ನು ಪೂರ್ತಿ ಮಲಗಿಸಿ, ವೇದಿಕೆ ಲಂಬವಾದಾಗ ಜೀವಂತ ಬೇರನ್ನು ಕ್ಲಿಪ್ಪಿಗೆ ಸಿಕ್ಕಿಸಿ ನೋಡಬಹುದು. ಸಂಶೋಧಕರೂ ಹೀಗೇ ಮಾಡುತ್ತಾರೆ.

ಪಿಷ್ಟವೇ ಎಲ್ಲ ಎಂದುಕೊಳ್ಳುವ ಹಾಗಿಲ್ಲ. ಜೀನ್ ಬದಲಾಗಿ ಪಿಷ್ಟ ತಯಾರಿಸಲಾಗದ ಅರಾಬಿಡಾಪ್ಸಿಸ್ ಗಿಡಗಳ (ಮ್ಯುಟೆಂಟ್‌ಗಳ) ಬೇರೂ ಬಾಗುತ್ತದೆ, ಆದರೆ ನಿಧಾನವಾಗಿ, ಅರೆಬರೆಯಾಗಿ.

ಆಕ್ಸಿನ್ ಪಾಲು

ಟೊಮೆಟೊ, ಮೆಣಸಿನಕಾಯಿಯ ಹೂ ಉದುರದಿರಲು ಸಿಂಪಡಿಸುವ ಎನ್‌ಎಎ 4.5 ಶೇಕಡಾ ದ್ರಾವಣ ಒಂದು ಆಕ್ಸಿನ್ನೇ. ಅದರ 1 ಮಿ.ಲೀ.ಯನ್ನು 1 ಲೀಟರ್ ನೀರಿಗೆ, ಆ ನೀರಿನ 1 ಮಿ.ಲೀ.ಯನ್ನು ಇನ್ನೊಂದು ಲೀಟರಿಗೆ ಬೆರೆಸಿದರೆ ಸುಮಾರು 0.24 ಮೈಕ್ರೊಮೋಲಾರ್. ಈ ನೀರಿನಲ್ಲೇ ಚೈನಾ ಗ್ರಾಸ್ ಕುದಿಸಿ ಸಾಸಿವೆ ಬೆಳೆಸಿ, ಬರೀ ನೀರಿನ ತಟ್ಟೆಯ ಪಕ್ಕದಲ್ಲಿಟ್ಟು ನೋಡಿ. ಎರಡು ಬದಿಗೂ ಹೊರಗಿನಿಂದ ಆಕ್ಸಿನ್ ಬಂದಾಗ ಬೇರು ಗಿಡ್ಡವಾಗುತ್ತದೆ, ರೋಮ ಹೆಚ್ಚುತ್ತದೆ. ಮೊದಲ ದ್ರಾವಣವನ್ನೇ ನೇರ ಹಾಕಿದರೆ ಬೆಳವಣಿಗೆ ನಿಂತು ನೋಡಲು ಏನೂ ಉಳಿಯುವುದಿಲ್ಲ. ಕೈಗವಸು ಹಾಕಿ, ಅಡುಗೆಯ ಪಾತ್ರೆ ಬಳಸಬೇಡಿ.

ತಿರುಗುವ ಗಾಲಿ

ಟೊಪ್ಪಿಗೆಯ ಕಣಕ್ಕೆ ಭೂಮಿಯೇ ಬೇಕೆಂದಿಲ್ಲ, ತೂಕ ಹುಟ್ಟಿಸುವ ಯಾವ ವೇಗೋತ್ಕರ್ಷವಾದರೂ ನಡೆಯುತ್ತದೆ. 1806ರಲ್ಲಿ ಇಂಗ್ಲೆಂಡಿನ ತೋಟಗಾರಿಕೆ ತಜ್ಞ ಥಾಮಸ್ ಆಂಡ್ರ್ಯೂ ನೈಟ್ ನೀರಿನ ಹರಿವಿನಿಂದ ತಿರುಗುವ ಗಾಲಿಗೆ ಕಾಳು ಕಟ್ಟಿ ತೋರಿಸಿದ: ಬೇರು ಹೊರಕ್ಕೆ, ಮೊಳಕೆಯ ಕುಡಿ ಒಳಕ್ಕೆ. ಅಡ್ಡ ತಿರುಗುವ ತಟ್ಟೆಯಲ್ಲಿ ನಡುವಿನಿಂದ 10 ಸೆಂ.ಮೀ. ದೂರದಲ್ಲಿ ನಿಮಿಷಕ್ಕೆ ಸುಮಾರು 95 ಸುತ್ತು ಬಂದರೆ ಹೊರಸೆಳೆತ ಗುರುತ್ವದಷ್ಟೇ ಆಗಿ, ಬೇರು 45 ಡಿಗ್ರಿ ಓರೆಯಾಗಿ ಹೊರಕ್ಕೆ ಹೋಗಬೇಕು. ಹಳೆಯ ಗ್ರಾಮಾಫೋನ್ ತಟ್ಟೆಯ 78ರ ವೇಗದಲ್ಲಿ 14 ಸೆಂ.ಮೀ. ದೂರದಲ್ಲಿ 44 ಡಿಗ್ರಿ ಹತ್ತಿರ, 33ರ ವೇಗದಲ್ಲಿ ಕೇವಲ 10 ಡಿಗ್ರಿ. ಗಾಳಿಗೆ ಒಣಗುವುದೇ ದೊಡ್ಡ ತೊಂದರೆ, ತಟ್ಟೆಗೆ ಟೇಪು ಬಿಗಿಯಾಗಿರಲಿ.

ಅಡ್ಡ ಅಕ್ಷದ ಮೇಲೆ ನಿಮಿಷಕ್ಕೆ ಒಂದೆರಡು ಸುತ್ತಿನಂತೆ ನಿಧಾನ ತಿರುಗಿಸಿದರೆ ಅದು ಕ್ಲಿನೋಸ್ಟಾಟ್. 10 ಆರ್‌ಪಿಎಂನ 12 ವೋಲ್ಟ್ ಗೇರ್ ಮೋಟಾರಿಗೆ 3 ವೋಲ್ಟ್ ಕೊಟ್ಟರೆ ವೇಗ ಸರಿಸುಮಾರು ಇಲ್ಲಿಗೆ ಬರುತ್ತದೆ. ಒಂದು ನಿಮಿಷ ಸುತ್ತು ಎಣಿಸಿ ಖಚಿತ ಮಾಡಿಕೊಳ್ಳಿ. ಕಣಗಳು ಒಂದು ಗೋಡೆಯಲ್ಲಿ ನೆಲೆಯಾಗುವ ಮೊದಲೇ ದಿಕ್ಕು ಬದಲಾಗುವುದರಿಂದ ಬೇರು ಇದ್ದ ದಿಕ್ಕಿನಲ್ಲೇ ಬೆಳೆಯುತ್ತದೆ. ತಟ್ಟೆಯ ತೂಕ ಒಂದು ಕಡೆಗೆ ಜಾಸ್ತಿಯಾದರೆ ಮೋಟಾರು ಇಳಿಯುವಾಗ ಓಡಿ ಏರುವಾಗ ತಡೆಯುತ್ತದೆ, ಆಗ ಬೇರು ಒಂದು ಬದಿಗೆ ಬಾಗಿಬಿಡುತ್ತದೆ. ಎದುರು ಬದಿಗೆ ನಾಣ್ಯ ಅಂಟಿಸಿ ಸಮತೂಕ ಮಾಡಿ.

ಕ್ಲಿನೋಸ್ಟಾಟ್ ಗುರುತ್ವವನ್ನು ತೆಗೆದುಹಾಕುವುದಿಲ್ಲ, ಎಲ್ಲ ದಿಕ್ಕಿಗೂ ಹಂಚುತ್ತದೆ ಅಷ್ಟೇ. ನಿಜಕ್ಕೂ ತೂಕವಿಲ್ಲದ ಕಡೆ ನೋಡಬೇಕೆಂದರೆ ಕಕ್ಷೆಗೇ ಹೋಗಬೇಕು. ಇಸ್ರೊ 2024ರ ಡಿಸೆಂಬರ್ 30ರಂದು ಹಾರಿಸಿದ ಪಿಎಸ್‌ಎಲ್‌ವಿ ಸಿ60ರ ಕೊನೆಯ ಹಂತದಲ್ಲಿ ಎಂಟು ಅಲಸಂದೆ ಕಾಳುಗಳನ್ನಿಟ್ಟು, ನಾಲ್ಕು ದಿನದಲ್ಲಿ ಮೊಳೆಸಿತು. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಹೆಸರುಕಾಳು, ಮೆಂತ್ಯ ಮೊಳೆಸುವ ಪ್ರಯೋಗವೊಂದಿತ್ತು. ಅದನ್ನು ರೂಪಿಸಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಐಐಟಿ. ನಿಮ್ಮ ಕ್ಲಿನೋಸ್ಟಾಟ್‌ಗೆ ಇವೇ ಮೂರು ಕಾಳುಗಳನ್ನು ಹಾಕುವುದಾದರೆ ಹೆಸರು ಮತ್ತು ಅಲಸಂದೆಯನ್ನು ಎಂಟು ಗಂಟೆ ನೆನೆಸಿ. ಮೆಂತ್ಯ ಲೋಳೆ ಬಿಡುತ್ತದೆ. ನೆನೆದ ಮೇಲೆ ಟಿಶ್ಯೂವಿನಲ್ಲಿ ಉರುಳಿಸಿ ಲೋಳೆ ತೆಗೆಯದಿದ್ದರೆ ತಿರುಗುವಾಗ ಜಾರಿ ತಟ್ಟೆಯ ಅಂಚಿಗೆ ಸೇರುತ್ತದೆ.